ಇಂಟರ್ನ್ ಅಂಕಲ್

ಭಾನುವಾರ, ನವೆಂಬರ್ ೧೧

ಪ್ರೀತಿಯ ಅಕ್ಕನಿಗೆ ತಮ್ಮನ ನಮಸ್ಕಾರ.

ನಿನ್ನ ಪತ್ರಕ್ಕೆ ಇಷ್ಟು ದಿನ ಉತ್ತರ ಬರೆಯದೆ ಕೂತಿದ್ದಕ್ಕೆ ಬೈದುಕೋ. ಕೆಲಸ ಜಾಸ್ತಿ ಎನ್ನಬಹುದಿತ್ತು, ಆದರೆ ನಾನು ನೆಪ ಹೇಳಿದರೆ ನೀನು ಅಲ್ಲಿಂದಲೇ ಕಂಡುಹಿಡಿಯುತ್ತೀಯ. ಭಾವನ ಮಂಡಿನೋವು ಹೇಗಿದೆ? ನಾನು ಹೇಳಿಕೊಟ್ಟ ವ್ಯಾಯಾಮವನ್ನು ಅವರು ಮಾಡುತ್ತಿಲ್ಲ ಎಂದು ಗೊತ್ತು. ಕುರ್ಚಿಯಲ್ಲಿ ಕೂತು ಕಾಲು ನೀಡಿ ಎತ್ತಿ ಇಳಿಸಲಿ, ಟಿವಿ ನೋಡುತ್ತಲೇ ಆಗುವ ಕೆಲಸ.

ಈಗ ನನ್ನ ಸುದ್ದಿ. ಮಕ್ಕಳಿಗೆ ಬಸ್ಕಿ ಹೊಡೆಸುವುದಕ್ಕೂ ಕೋರ್ಸು ಬೇಕೇನೋ ಎಂದು ಕೇಳಿದ್ದೆಯಲ್ಲ, ಬೇಕು ಅಕ್ಕ. ಕೋರ್ಸಿನ ಜೊತೆಗೆ ಯಾವುದಾದರೂ ಹೈಸ್ಕೂಲಿನ ಜಿಮ್ಮಿನಲ್ಲಿ ಇಂಟರ್ನ್ ಆಗಿಯೂ ದುಡಿಯಬೇಕು, ಆಮೇಲೆಯೇ ಸರ್ಟಿಫಿಕೇಟು. ನನಗೆ ಸಿಕ್ಕಿದ್ದು ಮಗಳ ಶಾಲೆಯೇ. ಪ್ರೆಸ್ಸು ಮುಚ್ಚುವ ತನಕ ಅಷ್ಟು ಯಂತ್ರಗಳನ್ನೂ ಜನರನ್ನೂ ನೋಡಿಕೊಳ್ಳುತ್ತಿದ್ದವನು ಈಗ ಬೆವರು ಬಿದ್ದ ಮ್ಯಾಟು ಒರೆಸುತ್ತೇನೆ, ನೀರಿನ ಕ್ಯಾನು ಹೊರುತ್ತೇನೆ, ಭಾರ ಎತ್ತುವಾಗ ಯಾರ ಬೆನ್ನು ಬಾಗುತ್ತಿದೆ ಎಂದು ನೋಡುತ್ತೇನೆ. ನನ್ನ ಮೇಲಿನ ಕೋಚ್ ನನಗಿಂತ ಹದಿನೈದು ವರ್ಷ ಚಿಕ್ಕವನು. ಆದರೂ ಎಲ್ಲರಿಗೂ ಅವನು ದೊಡ್ಡ ಕೋಚ್. ನಾನು ಹುಡುಗರ ಬಾಯಲ್ಲಿ ‘ಇಂಟರ್ನ್ ಅಂಕಲ್’. ಎದುರಿಗೆ ಮಾತ್ರ ಸರ್.

ಕೆಲಸ ಮಾತ್ರ ಇಷ್ಟವಾಗಿದೆ. ಸರಳಿಗೆ ನೇತಾಡಲೂ ಆಗದೆ ಅಳುತ್ತಿದ್ದ ಸಣಕಲು ಹುಡುಗ ಹೋದ ವಾರ ಗದ್ದವನ್ನು ಸರಳಿನ ಮೇಲೆ ತಂದಿಟ್ಟು ನನ್ನ ಕಡೆ ನೋಡಿದ. ಆ ಖುಷಿಗೆ ಊಟ ಸೇರಲಿಲ್ಲ ನನಗೆ.

ಶಾಲೆಯಲ್ಲಿ ಅಪ್ಪ-ಮಗಳು ಎಂದು ತೋರಿಸಿಕೊಳ್ಳುವುದು ಬೇಡ ಎಂದು ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು. ಹತ್ತನೇ ಕ್ಲಾಸಿನ ಹುಡುಗಿ, ಗೆಳತಿಯರ ಮುಂದೆ ಅಪ್ಪ ಮ್ಯಾಟು ಒರೆಸುತ್ತಿದ್ದರೆ ಹೇಗಿರುತ್ತದೆ, ನೀನೇ ಯೋಚಿಸು. ಬೆಳಿಗ್ಗೆ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿ ಔಷಧಿ ಅಂಗಡಿಯ ಮೂಲೆಯಲ್ಲಿ ಇಳಿಸುತ್ತಿದ್ದೆ. ಅಲ್ಲಿಂದ ಅವಳು ನಡೆದು ಬರುತ್ತಿದ್ದಳು.

ಮೊನ್ನೆ ಮಂಗಳವಾರ ವಾಲಿಬಾಲ್ ತಂಡದ ಹುಡುಗಿಯರ ಸರದಿ. ಅವಳೂ ಅದರಲ್ಲಿದ್ದಾಳೆ. ಬಾರಿನಿಂದ ಬಿಚ್ಚಿದ ಕಬ್ಬಿಣದ ಪ್ಲೇಟನ್ನು ಸ್ಟ್ಯಾಂಡಿಗೆ ವಾಪಸು ಇಡುವಾಗ ಅವಳ ಕಿರುಬೆರಳು ಎರಡು ಪ್ಲೇಟುಗಳ ನಡುವೆ ಸಿಕ್ಕಿತು. ನಾನು ಪಕ್ಕದಲ್ಲೇ ಇನ್ನೊಬ್ಬಳ ಬೆನ್ನು ನೋಡುತ್ತಿದ್ದೆ. ಕೂಗಲೂ ಇಲ್ಲ ಮಗು. ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಕೂತುಬಿಟ್ಟಳು.

“ಏನಾಯ್ತು?” ಎಂದೆ.

“ಏನಿಲ್ಲ ಸರ್.”

ಬೆರಳು ನೀಲಿಯಾಗಿತ್ತು. ಐಸ್ ತಂದು ಹಿಡಿದೆ. ದೊಡ್ಡ ಕೋಚ್ ಓಡಿಬಂದ. “ಮನೆಯವರಿಗೆ ಹೇಳ್ಬೇಕು. ಇವಳ ಅಪ್ಪ-ಅಮ್ಮ ಯಾರು, ಯಾರಿಗಾದ್ರೂ ಗೊತ್ತಾ?” ಎಂದು ಕೇಳಿದ. ನಾನು ಐಸ್ ಹಿಡಿದುಕೊಂಡೇ ಇದ್ದೆ ಅಕ್ಕ. ಅವಳು ತಲೆ ತಗ್ಗಿಸಿಕೊಂಡು ಅಮ್ಮನ ನಂಬರು ಹೇಳಿದಳು.

ಅಪ್ಪ-ಮಗಳ ಒಪ್ಪಂದ ನನ್ನ ಹೆಂಡತಿಗೆ ಗೊತ್ತಿರಲಿಲ್ಲ. ಟೈಲರಿಂಗ್ ಅಂಗಡಿಯಿಂದ ಅಳತೆ ಟೇಪನ್ನು ಕುತ್ತಿಗೆಯಲ್ಲೇ ಬಿಟ್ಟುಕೊಂಡು ಆಟೋ ಹಿಡಿದು ಬಂದವಳು ಮೊದಲು ಮಗಳನ್ನು ನೋಡಿದಳು, ಆಮೇಲೆ ನನ್ನನ್ನು.

“ನೀವಿಲ್ಲೇ ಇದ್ದೀರಲ್ಲ, ಆಸ್ಪತ್ರೆಗೆ ಕರ್ಕೊಂಡು ಹೋಗೋದು ಬಿಟ್ಟು ನಾನು ಬರೋವರೆಗೂ ಯಾಕೆ ಕೂರಿಸ್ಕೊಂಡ್ರಿ?”

ದೊಡ್ಡ ಕೋಚ್‌ಗೆ ಅರ್ಥವಾಗಲಿಲ್ಲ. “ಮೇಡಂ, ನಿಮಗೆ ಇವರು ಗೊತ್ತಾ?”

“ಗೊತ್ತಾ ಅಂದ್ರೆ? ಅವಳ ಅಪ್ಪ.”

ಹುಡುಗಿಯರೆಲ್ಲ ನನ್ನನ್ನೇ ನೋಡಿದರು. ನೆಲ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ. ಆಗಲೂ ಮಗಳು ನನ್ನ ಪರ ನಿಂತಳು. “ಅಮ್ಮ, ಸರ್ ಐಸ್ ಇಟ್ರು. ಅವರದೇನೂ ತಪ್ಪಿಲ್ಲ” ಎಂದಳು. ಅಷ್ಟು ಜನಕ್ಕೆ ಗೊತ್ತಾದ ಮೇಲೂ ಸರ್ ಎಂದೇ ಅಂದಳು. ಹೆಂಡತಿ ನನ್ನ ಮುಖ ನೋಡಿದ ರೀತಿಯನ್ನು ನಾನು ಬರೆಯಲಾರೆ.

ಬೆರಳಿನ ಮೂಳೆ ಸಣ್ಣಗೆ ಬಿರಿದಿದೆಯಂತೆ. ಪಟ್ಟಿ ಹಾಕಿದ್ದಾರೆ, ಕೂಡಿಕೊಳ್ಳುತ್ತದೆ ಎಂದಿದ್ದಾರೆ ಡಾಕ್ಟರು. ಅಂತರಶಾಲಾ ಪಂದ್ಯ ಮಾತ್ರ ಅವಳಿಗೆ ತಪ್ಪಿತು. ಮಾರನೆಯ ದಿನ ದೊಡ್ಡ ಕೋಚ್ ನನ್ನನ್ನು ಪಕ್ಕಕ್ಕೆ ಕರೆದ. ಕಿರುಚಾಡುತ್ತಾನೆ ಎಂದುಕೊಂಡಿದ್ದೆ, ಕಿರುಚಾಡಿದ್ದರೆ ಚೆನ್ನಾಗಿತ್ತು. “ನನ್ನ ಹತ್ರ ಹೇಳೋಕಾಗದಷ್ಟು ನಾನೇನಾದ್ರೂ ತಪ್ಪಾಗಿ ನಡ್ಕೊಂಡಿದ್ದೀನಾ ಸರ್?” ಎಂದು ಕೇಳಿದ. ಇಲ್ಲ ಎಂದೆ. ಸ್ವಂತ ಮಕ್ಕಳಿರುವ ತಂಡವನ್ನು ಇಂಟರ್ನ್ ನೋಡಿಕೊಳ್ಳುವ ಹಾಗಿಲ್ಲವಂತೆ. ಈಗ ಬೆಳಗಿನ ಹುಡುಗರ ಬ್ಯಾಚು ನನ್ನದು.

ಗುರುವಾರ ಸ್ಕೂಟರನ್ನು ನೇರ ಶಾಲೆಯ ಗೇಟಿಗೆ ಬಿಡುವವನಿದ್ದೆ. ಔಷಧಿ ಅಂಗಡಿ ಬಂದಾಗ ಅವಳು ಹಿಂದಿನಿಂದ ಭುಜ ತಟ್ಟಿದಳು. “ಇಲ್ಲೇ ಇಳೀತೀನಿ ಅಪ್ಪ. ಅಭ್ಯಾಸ ಆಗೋಗಿದೆ.” ಕೋಪ ಇರಲಿಲ್ಲ ದನಿಯಲ್ಲಿ. ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಹಿಡಿದುಕೊಂಡು ನಡೆದುಹೋದಳು.

ಮನೆಯಲ್ಲಿ ಹೆಂಡತಿ ಅಗತ್ಯಕ್ಕಷ್ಟೇ ಮಾತಾಡುತ್ತಿದ್ದಾಳೆ. ಸರಿಹೋಗುತ್ತದೆ ಬಿಡು. ಭಾವನಿಗೆ ನಮಸ್ಕಾರ ತಿಳಿಸು. ನಿನ್ನ ಮಕ್ಕಳಿಗೆ ಮಾವನ ಆಶೀರ್ವಾದ, ಇಬ್ಬರೂ ಗಟ್ಟಿಮುಟ್ಟಾಗಿ ಬೆಳೆಯಲಿ. ನನಗೆ ಬೈಯುವುದು ಮುಗಿದ ಮೇಲೆ ಒಂದು ಮಾತು ಹರಸು.

ಇಂತಿ,
ನಿನ್ನ ತಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಓದಿ ನೋಡಿದೆ. ಅಪ್ಪನನ್ನು ಕಂಡರೆ ನಾಚಿಕೆಪಡುವಷ್ಟು ದೊಡ್ಡವಳಾದಳಾ ಎಂದು ನಿನಗೆ ಅವಳ ಮೇಲೆ ಸಿಟ್ಟು ಬರುತ್ತದೆ. ಬೇಡ ಅಕ್ಕ. ಅವಳು ಕೇಳಿದ್ದಲ್ಲ ಅದು. ನಾನು ಕೆಲಸಕ್ಕೆ ಸೇರುವ ಹಿಂದಿನ ಸಂಜೆ ‘ನಾಳೆಯಿಂದ ನಮ್ಮಪ್ಪನೇ ಕೋಚ್’ ಎಂದು ಗೆಳತಿಯರಿಗೆ ಹೇಳಲು ಅವಳು ಫೋನು ಎತ್ತಿಕೊಂಡಿದ್ದಳು. ಕಿತ್ತುಕೊಂಡವನು ನಾನು. ಪ್ರೆಸ್ಸಿನಲ್ಲಿ ನನ್ನ ಕೈಕೆಳಗಿದ್ದವರ ಮಕ್ಕಳೂ ಆ ಶಾಲೆಯಲ್ಲಿದ್ದಾರೆ, ಈ ವಯಸ್ಸಿನಲ್ಲಿ ಇಂಟರ್ನ್ ಎಂದು ಗೊತ್ತಾದರೆ ನನ್ನ ಮರ್ಯಾದೆ ಏನಾಗಬೇಕು, ಅಲ್ಲಿ ನನ್ನನ್ನು ಅಪ್ಪ ಎನ್ನಬೇಡ ಎಂದೆ. “ಮತ್ತೆ ಏನಂತ ಕರೀಲಿ?” ಎಂದು ಕೇಳಿದಳು.

ನಾನೇ ಹೇಳಿಕೊಟ್ಟೆ.