ಮೇಲಿನ ಮನೆಯ ಅಂಗಳ ಎಲ್ಲಿಗೆ ಹೋಯಿತು

ಜೂನ್ 41, 2168

ಫಕೀರಗೌಡರಿಗೆ,

ದಿನಾಂಕ ತಪ್ಪಾಗಿಲ್ಲ. ಮುಂಗಾರು ಬರುವವರೆಗೆ ನಮ್ಮಲ್ಲಿ ಜೂನ್ ಮುಗಿಯುವುದಿಲ್ಲ. ಕೆಲವು ಪದಗಳೂ ನಿಮಗೆ ವಿಚಿತ್ರ ಎನಿಸಬಹುದು, ಕ್ಷಮಿಸಿ. ನಾನು ನಿಮ್ಮ ಐದನೆಯ ತಲೆಮಾರಿನವಳು. ಇಳಿಜಾರಿನಲ್ಲಿ ನೀವು ಕಟ್ಟಿಸಿದ ಮನೆಯಲ್ಲೇ, ಅದರ ಉಳಿದ ಭಾಗದಲ್ಲಿ, ಇದ್ದೇನೆ.

ಈ ವಾರ ನೀವು ಅಂಗಳದ ಕೆಳಗಿನ ಒಡ್ಡನ್ನು ಕೀಳಿಸಲಿದ್ದೀರಿ. ಕಾರು ನೇರ ಬಾಗಿಲವರೆಗೆ ಬರಬೇಕು ಎಂಬುದು ಕಾರಣ. ಚಾವಣಿಯ ನೀರನ್ನೆಲ್ಲ ಒಂದೇ ಪೈಪಿನಲ್ಲಿ ಅದೇ ದಾರಿಗೆ ಬಿಡುತ್ತೀರಿ. ಮೊದಲ ವರ್ಷ ಚಕ್ರದ ಗುರುತಿನಲ್ಲಿ ಬೆರಳಗಲದ ಗೆರೆ ಬೀಳುತ್ತದೆ. ಜಲ್ಲಿ ಸುರಿಯುತ್ತೀರಿ. ಮರುವರ್ಷ ಜಲ್ಲಿಯೂ ಹೋಗುತ್ತದೆ. ನಿಮ್ಮ ಮಗ ಸಿಮೆಂಟ್ ಹಾಕಿಸುತ್ತಾನೆ. ನೀರು ಇನ್ನೂ ಜೋರಾಗಿ ಓಡಿ ಅಂಚನ್ನು ಕೊರೆಯುತ್ತದೆ. ಈಗ ಅಲ್ಲಿ ಆಳು ಮುಳುಗುವಷ್ಟು ಆಳದ ಕೊರಕಲು ಇದೆ. ನೀವು ತೋಡಿಸಿದ ಬಾವಿಯ ಕಲ್ಲುಕಟ್ಟಡ ಅದರ ನಡುವೆ ಗೋಪುರದ ಹಾಗೆ ನಿಂತಿದೆ.

ನಮ್ಮ ಕಾನೂನಿನಲ್ಲಿ ‘ಇಳಿಮಣ್ಣು’ ಎಂಬ ಮಾತಿದೆ. ಹರಿದು ಬಂದ ಮಣ್ಣು ಯಾರ ಹೊಲದಲ್ಲಿ ನಿಲ್ಲುತ್ತದೋ ಅವರದು. ಆದ್ದರಿಂದ ಮಳೆಗೆ ಮುಂಚೆ ಮೇಲಿನ ಮನೆಯವರು ಬುಟ್ಟಿ ಹಿಡಿದು ಬರಿಗಾಲಲ್ಲಿ ಕೆಳಗಿನವರ ಬಾಗಿಲಿಗೆ ಹೋಗುತ್ತೇವೆ, ಕೊಟ್ಟಷ್ಟು ತರುತ್ತೇವೆ. ಇದಕ್ಕೆ ‘ಮಣ್ಣು ಬೇಡುವುದು’ ಎನ್ನುತ್ತಾರೆ. ಕೆಳಗಿನ ಹೊಲದ ಗುರವ್ವ ಪ್ರತಿವರ್ಷ ಕೊಡುತ್ತಿದ್ದಳು, ಜೊತೆಗೆ ಒಂದು ಮಾತನ್ನೂ: “ಬರ್ರಿ ಗೌಡಶ್ಯಾನಿ, ನಿಮ್ಮ ಅಂಗಳ ನಮ್ಮ ಹೊಲದಾಗ ಆರಾಮ ಮಲಗೇತಿ. ಎಬ್ಬಿಸ್ಲೇನು?”

ಈ ಸಲ ಕೊಡಲಿಲ್ಲ. ಅಡುಗೆಮನೆಯ ಬುನಾದಿ ಟೊಳ್ಳಾಗಿದೆ, ತುಂಬದಿದ್ದರೆ ಮೊದಲ ಮಳೆಗೇ ಗೋಡೆ ಬೀಳುತ್ತದೆ ಎಂದು ಹೇಳಿದೆ. ಅವಳು ತನ್ನ ಹೊಲ ತೋರಿಸಿದಳು. ಮೇಲೆ ನಮ್ಮಲ್ಲಿ ಹರಿಯಲು ಮಣ್ಣೇ ಮುಗಿದಿತ್ತು. ಹೋದ ಮಳೆಗಾಲದಲ್ಲಿ ಇಳಿದದ್ದು ಬರೀ ಗರಸು ಮತ್ತು ಕಲ್ಲು. ಅವಳ ಜೋಳದ ಸಾಲುಗಳು ಅದರ ಕೆಳಗೆ ಹೂತುಹೋಗಿದ್ದವು.

“ಗಡಿ ದಾಟಿದ ನೀರು ನಮ್ಮದಲ್ಲ ಅಂದಿದ್ನಂತ ನಿಮ್ಮ ಮುತ್ತ್ಯಾ. ಹಂಗಾರ ನಿಮ್ಮ ಗ್ವಾಡಿ ಬಿದ್ರ ಅದೂ ನಂದಲ್ಲ ಬಿಡವ್ವ,” ಎಂದಳು. ಆ ಮುತ್ತ್ಯಾ ನೀವೇ; ನಾನು ಖಾಲಿ ಬುಟ್ಟಿಯೊಂದಿಗೆ ಮರಳಿದೆ.

ನಿಮಗೆ ಗೊತ್ತಿರಲಿಲ್ಲ ಎಂದು ನಾನು ಒಪ್ಪುವುದಿಲ್ಲ. ಆ ಒಡ್ಡು ಹಾಕಿದ್ದು ನಿಮ್ಮ ತಂದೆ. ಏಕೆ ಹಾಕಿದರೆಂಬುದನ್ನು ನೀವು ಪ್ರತಿ ಮಳೆಯಲ್ಲೂ ಕಣ್ಣಾರೆ ಕಂಡಿದ್ದಿರಿ. ಅದನ್ನು ಮುಟ್ಟಬೇಡಿ. ಕಾರನ್ನು ರಸ್ತೆಯಲ್ಲಿ ನಿಲ್ಲಿಸಿ ನಡೆದು ಬನ್ನಿ. ಚಾವಣಿಯ ನೀರಿಗೆ ಇಳಿಜಾರಿಗೆ ಅಡ್ಡವಾಗಿ ಕಾಲುವೆ ತೋಡಿಸಿ, ಅಂಚಿಗೆ ಲಾವಂಚ ನೆಡಿ. ನೀವು ಇದ್ಯಾವುದನ್ನೂ ಮಾಡುವುದಿಲ್ಲ. ಮಾಡಿದ್ದರೆ ನಾನು ಗುರವ್ವನ ಬಾಗಿಲಲ್ಲಿ ನಿಲ್ಲುತ್ತಿರಲಿಲ್ಲ.

ಮೋಡ ಕಟ್ಟಿದೆ. ಒಲೆಯನ್ನೂ ಪಾತ್ರೆಗಳನ್ನೂ ಪಡಸಾಲೆಗೆ ಸಾಗಿಸಿದ್ದೇವೆ. ಅಡುಗೆಮನೆಯ ಬಾಗಿಲನ್ನು ಕಿತ್ತು ತಂದೆವು, ಅದಾದರೂ ಉಳಿಯಲಿ ಎಂದು.

ಸಾವಂತ್ರೆವ್ವ