ಬೆನ್ನ ಹಿಂದಿನ ಕುರ್ಚಿ

ಮಂಡ್ಯದ ಆಸ್ಪತ್ರೆಯಿಂದ
೧೨-೩-೧೯೪೨

ಮಳವಳ್ಳಿಯ ದೇವಿರಮ್ಮನವರಿಗೆ, ನಿಮ್ಮ ಯಜಮಾನರ ಗರಡಿಯ ಶಿಷ್ಯ ಬೆಟ್ಟಯ್ಯ ಮಾಡುವ ನಮಸ್ಕಾರ.

ಉಸ್ತಾದರು ಬದುಕಿದ್ದಾರೆ. ಮಿಕ್ಕದ್ದನ್ನು ಕೂತುಕೊಂಡು ಓದಿಸಿಕೊಳ್ಳಿ.

ಗರಡಿಯಲ್ಲಿ ಗುಂಡುಕಲ್ಲನ್ನು ಹೆಗಲಿಗೇರಿಸಿ ಹಿಂದಕ್ಕೆ ಎಸೆಯುವುದು ನಿಮಗೆ ಗೊತ್ತೇ ಇದೆ. “ಬೆನ್ನಿಂದಕ್ಕೆ ಎಸೀದಿದ್ರೆ ಎತ್ತಿದಂಗಲ್ಲ ಕಣ್ಲಾ” ಎಂದು ಏಳು ವರ್ಷ ಬೆತ್ತ ಹಿಡಿದು ಕಲಿಸಿದವರು ಅವರೇ. ಇಲ್ಲಿಯ ಪಂದ್ಯದಲ್ಲಿ ಕಲ್ಲಲ್ಲ, ಎರಡು ತುದಿಗೂ ತೂಕ ಸಿಕ್ಕಿಸಿದ ಕಬ್ಬಿಣದ ಸರಳು. ಗಂಟೆ ಹೊಡೆಯುವವರೆಗೆ ತಲೆಯ ಮೇಲೆ ಹಿಡಿದು, ಆಮೇಲೆ ಮುಂದಕ್ಕೆ ಇಳಿಸಬೇಕು. ಹಿಡಿದೆ. ಗಂಟೆಯೂ ಹೊಡೆಯಿತು. ಕೈ ಮಾತ್ರ ಕಲಿತದ್ದನ್ನೇ ಮಾಡಿತು.

ಗರಡಿಯಲ್ಲಿ ಒಂದು ನಾಯಿಯನ್ನೂ ನನ್ನ ಹಿಂದೆ ಸುಳಿಯಲು ಬಿಡದ ಮನುಷ್ಯ, ಪಂದ್ಯದವರು ಮರ್ಯಾದೆಗೆಂದು ನನ್ನ ಬೆನ್ನ ಹಿಂದೆಯೇ ಕುರ್ಚಿ ಹಾಕಿದರೆ ಹೋಗಿ ಕೂತುಬಿಡುವುದೇ?

ಸರಳು ಅವರ ಬಲಗಾಲಿನ ಮೇಲೆ ಬಿತ್ತು.

ಸೋಮವಾರ ಬೆಳಗಿನ ರೈಲಿಗೆ ಕರೆತರುತ್ತೇನೆ. ಮದ್ದೂರು ಸ್ಟೇಷನ್ನಿಗೆ ಗಾಡಿ ಕಳಿಸಿ, ಹುಲ್ಲು ದಪ್ಪವಾಗಿ ಹಾಸಿಸಿ. ಅವರ ಮುಂದೆ ಅಳಬೇಡಿ, ಬೈಯುತ್ತಾರೆ. ನನ್ನನ್ನು ಇನ್ನೂ ಬೈದಿಲ್ಲ. “ಚೆನ್ನಾಗಿ ಎಸ್ದೆ ಬುಡ್ಲಾ” ಎಂದರು, ಅಷ್ಟೇ.

ಗಂಟೆ ಹೊಡೆಯುವವರೆಗೂ ಹಿಡಿದಿದ್ದೆನೆಂದು ನಾನು ಎತ್ತಿದ್ದನ್ನು ತೀರ್ಪುಗಾರರು ಒಪ್ಪಿದರು. ಗೆದ್ದವನು ನಾನೇ. ನಾನು ಗೆಲ್ಲುವವರೆಗೆ ಎಕ್ಕಡ ಮೆಟ್ಟುವುದಿಲ್ಲವೆಂದು ಹರಕೆ ಹೊತ್ತು ಅವರು ಬರಿಗಾಲಲ್ಲಿ ಬಂದಿದ್ದರಲ್ಲ, ಅದು ತೀರಿತು. ಗಾಡಿಯಲ್ಲಿ ಎಕ್ಕಡ ಇಟ್ಟು ಕಳಿಸಬೇಕಂತೆ, ಬೆಳಗಿನಿಂದ ಅದನ್ನೇ ಹೇಳುತ್ತಿದ್ದಾರೆ.

ಎಡಗಾಲಿನದು ಸಾಕು.

ಇಂತಿ,
ಬೆಟ್ಟಯ್ಯ