ಒಂಬತ್ತನೇ ನಂಬರಿನ ಪ್ಲಗ್ಗು

ಆಸ್ಪತ್ರೆಯ ವರಾಂಡ,
ಗುರುವಾರ, ತಾರೀಖು ಹದಿನಾಲ್ಕು, ಬೆಳಿಗ್ಗೆ

ಪ್ರೀತಿಯ ಅಣ್ಣನಿಗೆ, ನಿನ್ನ ತಂಗಿ ಮಾಡುವ ನಮಸ್ಕಾರ.

ನಿನ್ನ ಕೆಮ್ಮು ಹೇಗಿದೆ? ಹೋದ ಕಾಗದದಲ್ಲಿ ನೀನು ಕೆಮ್ಮಿನ ಬಗ್ಗೆ ಅರ್ಧ ಸಾಲು, ಅಣೆಕಟ್ಟಿನ ಹೊಸ ಪಂಪಿನ ಬಗ್ಗೆ ಎರಡು ಪುಟ ಬರೆದಿದ್ದೆ. ಅತ್ತಿಗೆಯ ಕಾಲಿನ ಉಳುಕು ವಾಸಿಯಾಯಿತೇ? ಅವರನ್ನು ಕೇಳಿದೆನೆಂದು ಹೇಳು. ಮೇಲಿನ ವಿಳಾಸ ನೋಡಿ ನಿನ್ನ ಎದೆ ಧಸಕ್ಕೆಂದಿರಬೇಕು. ಆಸ್ಪತ್ರೆಯಲ್ಲಿರುವುದು ಅಪ್ಪ. ಸೋಮವಾರ ಎದೆನೋವು ಬಂತು. ಈಗ ಅಪಾಯವಿಲ್ಲ, ಆದರೆ ಮನೆಯವರೊಬ್ಬರು ಹಗಲೂ ರಾತ್ರಿ ಪಕ್ಕದಲ್ಲೇ ಇರಬೇಕು ಎಂದು ಡಾಕ್ಟರು ಹೇಳಿದ್ದಾರೆ. ಇರುವವಳು ನಾನೊಬ್ಬಳೇ. ಈ ಸುದ್ದಿ ಓದಿದ ಕೂಡಲೇ ನೀನು ಗಾಡಿಯ ಕೀಲಿ ಹುಡುಕುತ್ತೀಯೆಂದು ನನಗೆ ಗೊತ್ತು. ಹುಡುಕಬೇಡ. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಗಾಡಿಯಲ್ಲಿ ಹೊರಡುತ್ತೇವೆಂದು ಬರೆದಿದ್ದೀಯಲ್ಲ, ಆಗಲೂ ಹೊರಡಬೇಡ. ಈ ಕಾಗದ ಪೂರ್ತಿ ಓದಿ ಮುಗಿಸುವವರೆಗೆ ಆ ಗಾಡಿಗೆ ಒಂದು ಕಿಕ್ಕನ್ನೂ ಹೊಡೆಯಬೇಡ. ನೀನು ನನ್ನ ಮಾತನ್ನು ಯಾವತ್ತು ಕೇಳಿದವನು, ಅದಕ್ಕೇ ಎಲ್ಲವನ್ನೂ ಮೊದಲಿನಿಂದ ಹೇಳುತ್ತೇನೆ.

ನಿನಗೆ ಪಂಪು ಗೊತ್ತು, ಗಾಡಿಗೆ ಕಿಡಿ ಕೊಡುವ ಪ್ಲಗ್ಗು ಗೊತ್ತಿಲ್ಲ. ಗ್ರೀಸು ಕಂಡರೆ ಮೂಗು ಮುರಿದುಕೊಂಡು ಅಪ್ಪನ ಗ್ಯಾರೇಜಿನಿಂದ ಓಡಿಹೋದವನು ನೀನು. ಅಪ್ಪ ಪ್ಲಗ್ಗು ಬದಲಾಯಿಸುವುದನ್ನು ನೀನು ಸರಿಯಾಗಿ ಕೂತು ನೋಡಿಯೇ ಇಲ್ಲ. ಹಳೆಯದನ್ನು ಬಿಚ್ಚಿದವರು ಮೊದಲು ಅದರ ಮುಖ ನೋಡುತ್ತಾರೆ. ತುದಿ ಇಟ್ಟಿಗೆಯ ಬಣ್ಣಕ್ಕಿದ್ದರೆ ಎಂಜಿನ್ ಸುಖವಾಗಿದೆ. ಮಸಿ ಹಿಡಿದಿದ್ದರೆ ಪೆಟ್ರೋಲು ಜಾಸ್ತಿ ಕುಡಿಯುತ್ತಿದೆ. ಸುಣ್ಣದ ಹಾಗೆ ಬೆಳ್ಳಗಾಗಿದ್ದರೆ ಒಳಗೆ ಬೇಯುತ್ತಿದೆ. ಹೊಸದನ್ನು ಕೂರಿಸುವಾಗ ಅದರ ತಲೆಗೆ ಪೆಟ್ರೋಲ್ ಪೈಪಿನ ಒಂದು ತುಂಡು ಸಿಕ್ಕಿಸಿ ಬೆರಳಲ್ಲೇ ತಿರುಗಿಸುತ್ತಾರೆ. ತಿರುಪಿನ ಮರೆ ಅಡ್ಡ ಹೋದರೆ ಪೈಪು ಜಾರುತ್ತದೆ, ಮರೆ ಹಾಳಾಗುವುದಿಲ್ಲ. ಪೂರ್ತಿ ಕೂತ ಮೇಲೆಯೇ ಬಿಗಿಯಲು ಪಾನಾ. ಇಷ್ಟೆಲ್ಲ ನಯ ನಾಜೂಕಿನ ಮನುಷ್ಯನ ಗ್ಯಾರೇಜಿನಿಂದಲೇ ಈ ಎಡವಟ್ಟು ಹೊರಬಿದ್ದಿದೆ, ಅಣ್ಣಾ.

ಪ್ಲಗ್ಗುಗಳಲ್ಲಿ ತಂಪಿನದು, ಬಿಸಿಯದು ಎಂದು ಇರುತ್ತದೆ. ತಂಪು ಪ್ಲಗ್ಗು ತನ್ನ ತುದಿಯ ಬಿಸಿಯನ್ನು ಬೇಗ ಎಂಜಿನ್ನಿಗೆ ದಾಟಿಸುತ್ತದೆ, ಬಿಸಿಯದು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಊರೊಳಗೆ ಓಡಾಡುವ ಗಾಡಿಗೆ ಅಪ್ಪ ಯಾವಾಗಲೂ ಏಳನೇ ನಂಬರು ಹಾಕುವವರು. ಭಾರ ಹೊತ್ತು ಗುಡ್ಡ ಹತ್ತುವ ಗಾಡಿಗೆ ತಂಪು ಬೇಕು, ಅದಕ್ಕೆ ಒಂಬತ್ತು. ಮೂವತ್ತು ವರ್ಷ ಒಂದೇ ಕಂಪನಿಯ ಡಬ್ಬ, ಅಂಕಿ ಏರಿದಷ್ಟೂ ತಂಪು. ಎರಡು ತಿಂಗಳ ಹಿಂದೆ ಆ ಕಂಪನಿಯ ಮಾಲು ನಿಂತುಹೋಯಿತು. ಬಿಡಿಭಾಗದ ಅಂಗಡಿಯಿಂದ ಬೇರೆ ಕಂಪನಿಯ ಡಬ್ಬ ಬಂತು. ಅದೇ ಅಳತೆ, ಅದೇ ಮರೆ, ಮೈಮೇಲೆ ಅದೇ ಏಳು, ಅದೇ ಒಂಬತ್ತು. ಏಳು ಹಾಕಿಸಿಕೊಂಡವರೆಲ್ಲ ಆರಾಮವಾಗಿ ಓಡಾಡಿಕೊಂಡಿದ್ದರು. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

ಮೊದಲು ಬಂದವನು ಹಾಲಿನವನು. ಮೇಲಿನ ಬಡಾವಣೆಗೆ ನಾಲ್ಕು ಕ್ಯಾನು ಕಟ್ಟಿಕೊಂಡು ಹತ್ತುತ್ತಾನಲ್ಲ, ಅವನು. ಕೀಲಿ ತೆಗೆದ ಮೇಲೂ ಗಾಡಿ ನಾಲ್ಕು ಸಲ ಗುಟುಕು ಹಾಕಿ ಆಮೇಲೆ ನಿಲ್ಲುತ್ತದೆ ಎಂದ. ಬಾಗಿಲಲ್ಲೇ ನಿಲ್ಲಿಸಿ ತೋರಿಸಿದ. ಕೀಲಿ ಅವನ ಕೈಯಲ್ಲಿದೆ, ಎಂಜಿನ್ ಇನ್ನೂ ಉಸಿರಾಡುತ್ತಿದೆ. ನನಗೆ ನಗು ಬಂತು, ಅಪ್ಪನಿಗೆ ಬರಲಿಲ್ಲ. ಒಳಗೆ ಕರಿ ಕಟ್ಟಿರಬೇಕು ಎಂದು ಎಂಜಿನ್ನಿನ ತಲೆ ಬಿಚ್ಚಿ ಕೆರೆದು ಕೊಟ್ಟರು. ಒಂದು ವಾರಕ್ಕೆ ಅಂಚೆಯವನ ಗಾಡಿ ತಳ್ಳಿಕೊಂಡು ಬಂತು. ಪಿಸ್ಟನ್ನಿನ ನೆತ್ತಿಯಲ್ಲಿ ಕಿರುಬೆರಳು ತೂರುವಷ್ಟು ತೂತು. ಆಯಿಲು ನೋಡದೆ ಓಡಿಸಿದ್ದೀಯ ಎಂದು ಅಪ್ಪ ಅವನಿಗೆ ಬೈದರು, ಪಾಪ ಅವನು ತಲೆ ತಗ್ಗಿಸಿ ಬೈಸಿಕೊಂಡ. ಅವತ್ತಿನಿಂದ ನನಗೆ ಅನ್ನ ಸರಿಯಾಗಿ ಸೇರಲಿಲ್ಲ. ಆದರೂ ಬಾಯಿ ಬಿಡಲಿಲ್ಲ.

ಹೋದ ಶನಿವಾರ ಫೋಟೋದವನು ಬಿದ್ದ. ನಿಮ್ಮ ಮದುವೆಯಲ್ಲಿ ಎಲ್ಲರ ಕಣ್ಣು ಮುಚ್ಚಿದ ಫೋಟೋ ತೆಗೆದನಲ್ಲ, ಅವನೇ. ನೀನು ದಾಟಿ ಬರಬೇಕಾದ ಅದೇ ಏರಿನಲ್ಲಿ, ಕೊನೆಯ ತಿರುವಿನ ಹತ್ತಿರ, ಎಂಜಿನ್ ಕಚ್ಚಿಕೊಂಡು ಹಿಂದಿನ ಚಕ್ರ ನಿಂತುಬಿಟ್ಟಿದೆ. ಕ್ಲಚ್ಚು ಹಿಡಿಯಲು ಸಮಯ ಸಿಗಲಿಲ್ಲವಂತೆ. ತೊಡೆಯ ಮೂಳೆ ಎರಡು ಕಡೆ ಮುರಿದಿದೆ. ಹಿಂದಿನ ಸೀಟಿನಲ್ಲಿ ಯಾವಾಗಲೂ ಹೆಂಡತಿ ಇರುತ್ತಾಳೆ, ಅವತ್ತು ಇರಲಿಲ್ಲ. ಪಕ್ಕದಲ್ಲಿ ಕಟ್ಟೆಯೂ ಇಲ್ಲ, ಬೇಲಿಯೂ ಇಲ್ಲ, ಆ ಜಾಗ ನಿನಗೆ ಗೊತ್ತೇ ಇದೆ. ಗಾಡಿಯನ್ನು ಲಾರಿಯಲ್ಲಿ ಹೇರಿಕೊಂಡು ನಮ್ಮಲ್ಲಿಗೇ ತಂದರು. ನಾನೇ ಪ್ಲಗ್ಗು ಬಿಚ್ಚಿದೆ. ಮುಖ ಬಿಳಿಚಿಕೊಂಡಿತ್ತು, ಕಿಡಿ ಹಾರುವ ತುದಿ ಕರಗಿ ಇಲ್ಲವೇ ಇಲ್ಲ. ಹಾಲಿನವನ ಗಾಡಿಯಿಂದ ಬಿಚ್ಚಿಸಿ ತಂದದ್ದು, ಅಂಚೆಯವನದು, ಇದು, ಮೂರನ್ನೂ ಹಳೇ ಪೇಪರಿನ ಮೇಲೆ ಸಾಲಾಗಿ ಇಟ್ಟೆ. ಮೂರರ ಮೈಮೇಲೂ ಒಂಬತ್ತು. ಆಮೇಲೆ ಡಬ್ಬದ ತಳದಲ್ಲಿ ಮಡಿಸಿಟ್ಟಿದ್ದ ಚೀಟಿ ಬಿಡಿಸಿ ಓದಿದೆ. ಈ ಕಂಪನಿಯಲ್ಲಿ ಲೆಕ್ಕ ಉಲ್ಟಾ, ಅಂಕಿ ಏರಿದಷ್ಟೂ ಬಿಸಿ. ಗುಡ್ಡ ಹತ್ತುವವರಿಗೆ ತಂಪು ಕೊಡುತ್ತೇವೆಂದು ನಾವು ಎಂಜಿನ್ನಿನೊಳಗೆ ಕೆಂಡ ಇಟ್ಟು ಕಳಿಸಿದ್ದೆವು. ತುದಿ ಕೆಂಪಗೆ ಕಾದರೆ ಕಿಡಿ ಹಾರುವ ಮೊದಲೇ ಪೆಟ್ರೋಲು ಹೊತ್ತಿಕೊಳ್ಳುತ್ತದೆ, ಮೇಲೆ ಬರುತ್ತಿರುವ ಪಿಸ್ಟನ್ನಿನ ನೆತ್ತಿಗೇ ಹೊಡೆಯುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಏನೂ ಆಗುವುದಿಲ್ಲ. ಏರು ಬಂದು, ಭಾರ ಇದ್ದು, ಆಕ್ಸಿಲೇಟರ್ ತಿರುಗಿಸಿ ಹಿಡಿದಾಗ ಮಾತ್ರ.

ಚೀಟಿ ಹಿಡಿದುಕೊಂಡು ಒಳಗೆ ಓಡಿದೆ. ಅಪ್ಪನಿಗೆ ತೋರಿಸಿದೆ. ಕಿಟಕಿಯ ಬೆಳಕಿಗೆ ಹಿಡಿದು ತುಂಬಾ ಹೊತ್ತು ಓದಿದರು, ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡು ಇನ್ನೊಮ್ಮೆ ಓದಿದರು. "ನನ್ನ ಕೈಯಿಂದ್ಲೇ ಆಯ್ತಲ್ಲೇ ಇದು" ಎಂದರು. ಗುಡ್ಡಕ್ಕೆಂದು ಒಂಬತ್ತು ಹಾಕಿಸಿಕೊಂಡವರು ಯಾರ್ಯಾರು ಎಂದು ಲೆಕ್ಕ ಹಾಕಿದೆವು. ಆ ಮೂವರದು ಬಿಟ್ಟು ಇನ್ನೂ ಐದು ಗಾಡಿ. ಭಾನುವಾರವೆಲ್ಲ ಮನೆಮನೆ ಸುತ್ತಿ ನಾಲ್ಕರ ಪ್ಲಗ್ಗು ಬದಲಾಯಿಸಿ ಬಂದೆ. ಐದನೆಯದು ನಿನ್ನ ಗಾಡಿ. ಅಂಗಡಿಯವನ ಫೋನಿನಿಂದ ನಿಮ್ಮ ಅಣೆಕಟ್ಟಿನ ಕ್ಯಾಂಪಿಗೆ ಎಷ್ಟು ಸಲ ಮಾಡಿದೆನೋ ಲೆಕ್ಕವಿಲ್ಲ. ನಿಮ್ಮ ಲೈನು ವಾರದಿಂದ ಸತ್ತಿದೆಯಂತೆ. ಸೋಮವಾರ ಬೆಳಿಗ್ಗೆ ನಾನೇ ಹೊರಟು ಬರುವುದೆಂದು ಚೀಲ ಕಟ್ಟಿಟ್ಟಿದ್ದೆ. ಅಷ್ಟರಲ್ಲಿ ಅಪ್ಪ ಫೋಟೋದವನನ್ನು ನೋಡಲು ಆಸ್ಪತ್ರೆಗೆ ಹೋದರು. ಅವನ ಮಂಚದ ಪಕ್ಕ ನಿಂತು, ತಪ್ಪು ನನ್ನದು, ಇನ್ನು ಮೇಲೆ ನಾನು ಪಾನಾ ಮುಟ್ಟುವುದಿಲ್ಲ ಎಂದರಂತೆ. ಹೇಳಿದವರು ಅಲ್ಲೇ ಎದೆ ಹಿಡಿದುಕೊಂಡು ಕುಸಿದರಂತೆ. ಈಗ ಇಬ್ಬರೂ ಒಂದೇ ವಾರ್ಡಿನಲ್ಲಿ ಎದುರುಬದುರು ಮಲಗಿದ್ದಾರೆ. ಅಪ್ಪ ಗೋಡೆಯ ಕಡೆಗೇ ಮುಖ ಮಾಡಿಕೊಂಡಿರುತ್ತಾರೆ.

ಈ ಕಾಗದವನ್ನು ನಿಮ್ಮ ಕಡೆಗೆ ಹೋಗುವ ಬಸ್ಸಿನ ಡ್ರೈವರಿನ ಕೈಯಲ್ಲಿ ಕಳಿಸುತ್ತಿದ್ದೇನೆ. ನಾಳೆ ಸಂಜೆಗೆ ತಲುಪಿಸುತ್ತೀಯಾ ಎಂದು ಕೇಳಿದೆ. ಸೇತುವೆ ರಿಪೇರಿ ನಡೆಯುತ್ತಿದೆ, ಬಸ್ಸನ್ನು ಸರದಿಯಲ್ಲಿ ಬಿಡುತ್ತಾರೆ, ಶನಿವಾರವೂ ಆಗಬಹುದು, ಭಾನುವಾರವೂ ಆಗಬಹುದು ಎಂದ. ಎಷ್ಟು ಸಲೀಸಾಗಿ ಹೇಳಿದ, ಅವನಿಗೆ ಎರಡೂ ಒಂದೇ. ಅವನ ಸೀಟಿನ ಪಕ್ಕದಲ್ಲೇ ಇಡಿಸುತ್ತೇನೆ. ಗೇಟಿನ ಕಾವಲುಗಾರನಿಗೆ ಕೊಡಬೇಡ, ನಮ್ಮಣ್ಣನ ಕೈಗೇ ಕೊಡು ಎಂದು ಮೂರು ಸಲ ಹೇಳಿಸಿಕೊಂಡಿದ್ದಾನೆ. ಇಲ್ಲಿಂದ ಹೋಗುವಾಗ ಏನೂ ಆಗಲಿಲ್ಲವಲ್ಲ ಎಂದು ನೀನು ವಾದಕ್ಕೆ ನಿಲ್ಲುತ್ತೀಯ. ಹೋಗುವಾಗ ನೀನೊಬ್ಬನೇ ಇದ್ದೆ, ಅತ್ತಿಗೆ ಬಸ್ಸಿನಲ್ಲಿದ್ದರು, ಜಡಿಮಳೆಯಲ್ಲಿ ಮೂರು ಕಡೆ ನಿಂತು ನಿಂತು ಹೋದೆ. ಈಗ ಇಬ್ಬರು, ಸಾಮಾನು ಬೇರೆ, ಮೇಲೆ ಸುಡುವ ಬಿಸಿಲು.

ಬಟ್ಟೆಯಲ್ಲಿ ಸುತ್ತಿದ ಎರಡು ಪ್ಲಗ್ಗು ಇದರ ಜೊತೆಗಿವೆ, ಹಳೇ ಕಂಪನಿಯ ಒಂಬತ್ತು, ಊರೆಲ್ಲ ಹುಡುಕಿ ತಂದದ್ದು. ಎಂಜಿನ್ ತಣ್ಣಗಿರುವಾಗ ಬಿಚ್ಚು. ಪೈಪಿನ ತುಂಡನ್ನೂ ಇಟ್ಟಿದ್ದೇನೆ, ಬೆರಳಲ್ಲೇ ಕೂರಿಸು, ಕೊನೆಗೆ ಪಾನಾದಲ್ಲಿ ಅರ್ಧ ಸುತ್ತು ಸಾಕು, ಗಂಡಸುತನ ತೋರಿಸಲು ಹೋಗಬೇಡ. ಬಿಚ್ಚಿದ್ದು ಬೆಳ್ಳಗಿದ್ದರೆ ಹೊಸದು ಹಾಕಿದರೂ ಹೊರಡಬೇಡ, ಬಸ್ಸಿನಲ್ಲಿ ಬನ್ನಿ. ಅಪ್ಪ ನಿನ್ನನ್ನು ನೋಡಬೇಕೆಂದು ಬಾಯಿಬಿಟ್ಟು ಹೇಳಿಲ್ಲ. ಆದರೆ ವಾರ್ಡಿನ ಬಾಗಿಲು ಸದ್ದಾದಾಗಲೆಲ್ಲ ಗೋಡೆಯಿಂದ ಮುಖ ತಿರುಗಿಸುತ್ತಾರೆ. ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು, ಕೆಮ್ಮಿಗೆ ಬಿಸಿನೀರು ಕುಡಿ. ನೀವಿಬ್ಬರೂ ಕ್ಷೇಮವಾಗಿರಬೇಕು, ನನಗೆ ಬೇರೇನೂ ಬೇಡ.

ಇಂತಿ ನಿನ್ನ ತಂಗಿ,
ಮೊಂಡಿ

ತಾ. ಕ.: ಬಸ್ಸು ಬಂತು, ಹಾರನ್ ಹೊಡೆಯುತ್ತಿದ್ದಾನೆ. ಮೇಲೆ ಬರೆಯಲು ಕೈ ಬರಲಿಲ್ಲ. ಆ ಹೊಸ ಡಬ್ಬ ತಂದವಳು ನಾನು. ಇದರಲ್ಲಿ ಅಂಕಿ ಉಲ್ಟಾ, ನಿಮ್ಮಪ್ಪನಿಗೆ ಹೇಳಮ್ಮ ಎಂದು ಅಂಗಡಿಯವನು ಕೊಡುವಾಗಲೇ ಹೇಳಿದ್ದ. ನಮ್ಮಪ್ಪನಿಗೆ ಪ್ಲಗ್ಗಿನ ಪಾಠ ಹೇಳುತ್ತೀಯಾ ಎಂದು ನಕ್ಕು ಬಂದೆ, ಬರುವಷ್ಟರಲ್ಲಿ ಮರೆತೂ ಬಿಟ್ಟೆ. ಅಂಚೆಯವನ ಗಾಡಿ ಕಂಡಾಗ ಎಲ್ಲೋ ನೆನಪಾಯಿತು, ಹೇಳಲು ಅಂಜಿದೆ. ಅಪ್ಪನಿಗೆ ಇನ್ನೂ ಹೇಳಿಲ್ಲ, ಇವತ್ತು ಹೇಳುತ್ತೇನೆ. ಇನ್ನೊಂದು, ಅದೇ ಮುಖ್ಯ. ನಿನ್ನ ಗಾಡಿಗೆ ಪ್ಲಗ್ಗು ಹಾಕಿದ್ದು ಅಪ್ಪ ಅಲ್ಲ, ನಾನು. ಬರುವಾಗ ಅತ್ತಿಗೆಯೂ ಕೂರುತ್ತಾರೆ, ನನ್ನ ಅಣ್ಣನ ಗಾಡಿ ಎಲ್ಲರದಕ್ಕಿಂತ ತಂಪಾಗಿರಲಿ ಎಂದು ಡಬ್ಬವೆಲ್ಲ ಕೆದಕಿ ತೆಗೆದೆ. ಅದರಲ್ಲಿರುವುದು ಒಂಬತ್ತಲ್ಲ ಅಣ್ಣಾ, ಹನ್ನೊಂದು.